ಕರಿ ಹರಿಯಲು ಹೊರಟ ಜೀಪು

ಬರೆದುಕೋ ಅಮೃತಾ, ಈ ಅಜ್ಜಿ ಹೇಳಿದ ಹಾಗೇ ಬರೆದುಕೋ. ನನ್ನ ತಮ್ಮ ಗುರುಸಂಗಪ್ಪನಂಥ ಪೆದ್ದ ಕೊಟ್ಟೂರಿನಿಂದ ಹಡಗಲಿಯ ತನಕ ಹುಡುಕಿದರೂ ಸಿಗುವುದಿಲ್ಲ. ಸಣ್ಣವನಿದ್ದಾಗ ಬಲು ಮುದ್ದಾಗಿದ್ದ, ನಾನೇ ಸೊಂಟದ ಮೇಲೆ ಹೊತ್ತು ಬೆಳೆಸಿದೆ. ಆ ತಪ್ಪು ನನ್ನದೂ ಹೌದು.

ತೊಂಬತ್ತೊಂಬತ್ತರಲ್ಲಿ ಮನೆಯ ಜೋಡಿ ಎತ್ತನ್ನು ಓಣಿಯ ಸುಂಕಪ್ಪನಿಗೆ ಮಾರಿ, ಕೂಡ್ಲಿಗಿಯಿಂದ ಹಳೇ ಜೀಪು ತಂದ. ಕಲ್ಲುಕ್ವಾರಿಯವರು ಓಡಿಸಿ ಓಡಿಸಿ ಬಿಸಾಡಿದ್ದು. ಅದರ ಮೀಟರು ಲಕ್ಷ ದಾಟಿ, ಮತ್ತೆ ಸೊನ್ನೆಯಿಂದ ಶುರುವಾಗಿ, ಕೊನೆಗೆ ಬೇಸತ್ತು ನಿಂತಿತ್ತು. ಸ್ಟಾರ್ಟ್ ಮಾಡಿದರೆ ಇಡೀ ಓಣಿಗೆ ಕೆಮ್ಮು. ಗೇರಿನ ಪಕ್ಕ ಇನ್ನೊಂದು ಸಣ್ಣ ಸಲಾಕೆ. ಅದನ್ನು ಎಳೆದರೆ ನಾಲ್ಕೂ ಗಾಲಿ ತಿರುಗುತ್ತವಂತೆ. ಹೊಸ ಸೊಸೆಯ ಒಡವೆ ತೋರಿಸಿದ ಹಾಗೆ ಬಂದವರಿಗೆಲ್ಲ ಅದನ್ನೇ ತೋರಿಸುತ್ತಿದ್ದ.

ಅವನ ಹೆಂಡತಿ ಅನ್ನದಾನಮ್ಮನಿಗೆ ಬೇರೆಯದೇ ಚಿಂತೆ. ಕಾರಹುಣ್ಣಿಮೆಯ ಸಂಜೆ ಊರ ಅಗಸಿ ಬಾಗಿಲಿಗೆ ಬೇವಿನಸೊಪ್ಪಿನ ತೋರಣ, ಅದೇ ಕರಿ, ಕಟ್ಟಿ, ಹಳ್ಳದ ಆಚೆಯಿಂದ ಎತ್ತು ಓಡಿಸುತ್ತಾರಲ್ಲ, ಮೊದಲು ಕರಿ ಹರಿದ ಮನೆಗೆ ವರ್ಷವಿಡೀ ಮರ್ಯಾದೆ. ನಮ್ಮಪ್ಪನ ಕಾಲದಿಂದ ಆ ಮರ್ಯಾದೆ ನಮ್ಮ ತವರಿನದು.

“ಈ ಸಲ ಏನು ಓಡಿಸ್ತೀರಿ?” ಎಂದು ಕೇಳಿದಳು.

“ಜೀಪು! ಎತ್ತಿಗಿ ನಾಕು ಕಾಲಿದ್ರ ಇದಕ್ಕ ನಾಕು ಗಾಲಿ ಅದಾವ.”

“ಹೋಳಿಗಿ ಯಾವ ಬಾಯಿಗಿ ತಿನ್ನಿಸ್ಲಿ ಇದಕ್ಕ?”

ಹಬ್ಬಕ್ಕೆ ನಾನೂ ಹೋಗಿದ್ದೆ. ಬಂಪರಿಗೆ ಕೆಂಪು ಬಣ್ಣ, ಕನ್ನಡಿಗೆ ಗೊಂಡೆ! ಹಿರಿಯರು ನಕ್ಕು, “ಎತ್ತಿನಂಗ ಹಳ್ಳ ದಾಟಿ ಬರ್ಲಿ ಬಿಡ್ರಿ” ಎಂದರು. ಇವನು ಅದನ್ನು ಹೊಗಳಿಕೆ ಎಂದುಕೊಂಡ.

ಹಳ್ಳದ ಮರಳಿನಲ್ಲಿ ಹತ್ತು ಮಾರು ಹೋಯಿತೋ ಇಲ್ಲವೋ, ಹೂತಿತು. ಸಲಾಕೆ ಎಳೆದ. ಹಿಂದಿನ ಗಾಲಿಗಳು ಬಾವಿ ತೋಡಿದವು. ಮುಂದಿನವು ಬೀಗರಂತೆ ಅಲುಗಾಡದೆ ಕೂತವು. ಅಷ್ಟರಲ್ಲಿ ಸುಂಕಪ್ಪನ ಜೋಡಿ, ಅಂದರೆ ನಮ್ಮ ಮನೆಯದೇ ಜೋಡಿ, ಇವನ ಮುಖಕ್ಕೆ ಮರಳು ಎರಚಿ ಹೋಗಿ ಕರಿ ಹರಿಯಿತು. ಅವಕ್ಕೆ ದಾರಿ ಯಾರೂ ಹೇಳಬೇಕಿರಲಿಲ್ಲ.

ಮೆಕ್ಯಾನಿಕ್ ಭೀಮರಾಜ ಜೀಪಿನ ಕೆಳಗೆ ತೂರಿ ನೋಡಿದ.

“ಸಾವ್ಕಾರ್ರೇ, ಮುಂದಿನ ಗಾಲಿ ತಿರುಗ್ಸೋ ಶಾಫ್ಟೇ ಇಲ್ಲಲ್ರಿ! ಡೀಸೆಲ್ ಉಳಿಸಾಕ ಮೊದ್ಲಿನ ಮಾಲಕ್ರು ಬಿಚ್ಚ್ಯಾರ.”

“ಮತ್ತ ಈ ಸಲಾಕಿ?”

“ಹಿಡ್ಕಂಡು ಕುಂದ್ರಾಕ ಛಲೋ ಐತ್ರಿ.”

ಕೊನೆಗೆ ಸುಂಕಪ್ಪನೇ ಎತ್ತು ಕಟ್ಟಿ ಎಳೆಸಿದ. ಆಗಲೂ ನನ್ನ ತಮ್ಮ ಒಳಗೆ ಕೂತು ಸಲಾಕೆ ಎಳೆಯುತ್ತಲೇ ಇದ್ದ, ನೋಡು!

ಅನ್ನದಾನಮ್ಮ ಗಂಡನತ್ತ ತಿರುಗಿಯೂ ನೋಡಲಿಲ್ಲ. ಆರತಿ ತಟ್ಟೆ ಹಿಡಿದು ಸೀದಾ ಸುಂಕಪ್ಪನ ಬಾಗಿಲಿಗೆ ಹೋಗಿ, ಆ ಎತ್ತುಗಳಿಗೆ ಬೆಳಗಿ, ಮನೆಯಲ್ಲಿ ಮಾಡಿದ್ದ ಹೋಳಿಗೆಯನ್ನೆಲ್ಲ ತಿನ್ನಿಸಿ, ಅವುಗಳ ಕೊರಳು ತಬ್ಬಿಕೊಂಡು ಅತ್ತಳು.

ಇವನಿಗೆ ಒಂದೂ ಉಳಿಯಲಿಲ್ಲ. ಪಾಪ ಎಂದು ನಾನು ತಂದಿದ್ದ ಬುತ್ತಿಯಿಂದ ಎರಡು ಹೋಳಿಗೆ ಕೊಟ್ಟೆ. ತುಪ್ಪ ಕೇಳಿದ.