ಲಾಂಡ್ರಿಯ ತಕ್ಕಡಿ ಸಾರ್ ಕೊನೆಗೂ ಒಂದು ಕಡೆ ವಾಲಿದ್ದು

ಆಫೀಸಲ್ಲಿ ಎಲ್ಲರೂ ಅವನನ್ನ ಎದುರಿಗೆ ತಕ್ಕಡಿ ಸಾರ್ ಅಂತಾರೆ, ಬೆನ್ನ ಹಿಂದೆ ಬರೀ ತಕ್ಕಡಿ. ಯಾಕಂದ್ರೆ ಆಸಾಮಿ ಏನ್ ಕೇಳಿದ್ರೂ ಹೂಂ ಅನ್ನಲ್ಲ, ಉಹೂಂ ಅನ್ನಲ್ಲ. "ಎರಡನ್ನೂ ಇಟ್ಟು ನೋಡ್ಬೇಕು" ಅಂತಾನೆ. ಟೀನಾ ಕಾಫಿನಾ ಅಂತ ಕ್ಯಾಂಟೀನೋನು ಕೇಳಿದ್ರೆ, ಇವನು ಬಾಯ್ ಬಿಡೋ ಹೊತ್ತಿಗೆ ಎರಡೂ ಆರಿ ತಣ್ಣಗಾಗಿರುತ್ತೆ.

ಕೆಲಸ ಮಾಡೋದು ಒಂದು ಲಾಂಡ್ರಿ ಕಂಪನೀಲಿ. ಕೆಳಗೆ ಕಾರ್ಖಾನೆ. ಆಳೆತ್ತರದ ವಾಷಿಂಗ್ ಮಷೀನು, ಮಂಚದಷ್ಟು ಅಗಲದ ಇಸ್ತ್ರಿ ಯಂತ್ರ, ಎಲ್ಲಿ ನೋಡಿದ್ರೂ ಹಬೆ. ಮೇಲೆ ಗಾಜಿನ ರೂಮು, ಎಸಿ, ಕಂಪ್ಯೂಟರು, ತಕ್ಕಡಿ. ಊರ ಮನೆಗಳದ್ದು, ಹೋಟೆಲುಗಳದ್ದು ಬಟ್ಟೆಯೆಲ್ಲ ಗಂಟು ಗಂಟಾಗಿ ಬಂದು ಬೀಳುತ್ತೆ. ಪ್ರತಿ ಗಂಟಿಗೂ ಒಂದು ಚೀಟಿ, ಪ್ರತಿ ಬಾಗಿಲಿಗೂ ಒಂದು ಸ್ಕ್ಯಾನರು. ಗಂಟು ಬಂತು, ಒಗೆದಾಯ್ತು, ಒಣಗಿದ್ದಾಯ್ತು, ವ್ಯಾನ್ ಹತ್ತಿಸಿ ಅಂತ ಎಲ್ಲ ಲೆಕ್ಕ ಇಟ್ಟು, ಎಲ್ಲ ಆರ್ಡರ್ ಕೊಡೋದು ಒಂದೇ ಒಂದು ಹಳೇ ಪ್ರೋಗ್ರಾಮು. ಅದಕ್ಕೆ ಎಲ್ಲರೂ ಇಟ್ಟಿರೋ ಹೆಸರು ದೊಡ್ಡಮ್ಮ. ದೊಡ್ಡಮ್ಮನ್ನ ನೋಡ್ಕೊಳ್ಳೋದು ಪಕ್ಕದ ಸೀಟಿನ ಅಕ್ಕ. ಅವಳ ವೇದಾಂತ ಒಂದೇ: "ನಡೀತಿದೆ ತಾನೇ? ಮುಟ್ಬೇಡ."

ನಡೀತೇನೋ ಇತ್ತು. ಆದ್ರೆ ಗಿರಾಕಿಗಳ ಬಟ್ಟೆ ಅದಲುಬದಲಾಗ್ತಾನೇ ಇತ್ತು. ಪ್ಯಾಂಟ್ ಕೊಟ್ಟೋನ ಮನೆಗೆ ಯಾರದೋ ಅಜ್ಜಿಯ ನೈಟಿ. ಇಂಥ ಹೊತ್ತಲ್ಲಿ ಕಂಪನಿ ಧಣಿ ಎಲ್ಲೋ ಒಂದು ಸಮ್ಮೇಳನಕ್ಕೆ ಹೋಗಿ, ಕೊರಳಿಗೊಂದು ಬ್ಯಾಡ್ಜು, ನಾಲಿಗೆಗೆ ಎರಡು ಹೊಸ ಪದ ಅಂಟಿಸ್ಕೊಂಡು ಬಂದ. ಸ್ಟ್ರೀಮಿಂಗು. ಮೈಕ್ರೋಸರ್ವಿಸು.

"ದೊಡ್ಡಮ್ಮನ್ನ ಒಡೀಬೇಕು" ಅಂದ. "ಎಲ್ಲ ತುಂಡು ತುಂಡು ಸರ್ವಿಸ್ ಆಗ್ಬೇಕು, ಲೆಕ್ಕ ಹೊಳೆ ನೀರಿನಂಗೆ ಹರೀತಾನೇ ಇರ್ಬೇಕು. ಅದನ್ನ ಕಟ್ಟೋಕೆ ಯಾವ ರೆಡಿಮೇಡ್ ಚೌಕಟ್ಟು, ಯಾವ ಫ್ರೇಮ್‌ವರ್ಕು ಅಂತ ನೀನು ಹೋಲಿಸಿ ಹೇಳು."

ತಕ್ಕಡಿಗೆ ಇನ್ನೇನ್ ಬೇಕು? ಕುರುಡನಿಗೆ ಕಣ್ಣು ಬಂದಷ್ಟು ಖುಷಿ.

ಸುಳ್ಳ್ಯಾಕೆ, ಮೊದಲನೇ ವಾರ ಅವನು ಸರಿಯಾದ ಕೆಲಸಾನೇ ಮಾಡಿದ. ಕೆಳಗಿಳಿದು ಹೋಗಿ ಕಾರ್ಖಾನೆ ಮೇಸ್ತ್ರೀನ ಕೇಳಿದ. "ಆರ್ಡರ್ ಬಂದಿದೆ, ಗಂಟು ಸಿಗ್ತಿಲ್ಲ. ಆಗೇನ್ ಮಾಡ್ತೀಯಪ್ಪಾ?"

ಮೇಸ್ತ್ರಿ ಹೇಳಿದ, "ಅಷ್ಟೇ ತೂಕದ್ದು ಇನ್ನೊಂದು ಹತ್ತಿಸ್ತೀವಿ ಸಾರ್. ವ್ಯಾನ್ ಖಾಲಿ ಹೋಗ್ಬಾರ್ದು ಅಂತ ಧಣಿಗಳ ಆರ್ಡ್ರು. ಆಮೇಲೆ ಗಿರಾಕಿಗಳು ಬೈತಾರೆ, ಬದಲಾಯಿಸ್ಕೊಡ್ತೀವಿ."

ಅಲ್ಲೇ ಗೊತ್ತಾಗೋಯ್ತು. ರೋಗ ದೊಡ್ಡಮ್ಮಂದಲ್ಲ, ಧಣಿದು. ಇನ್ನು ಇಡೀ ದಿನದ ಸ್ಕ್ಯಾನರ್ ಲೆಕ್ಕ? ಒಂದು ಹಳೇ ಲ್ಯಾಪ್‌ಟಾಪು ಆಕಳಿಸ್ತಾ ಮುಗಿಸುತ್ತೆ. ಅದಕ್ಕೆ ಇಷ್ಟು ದೊಡ್ಡ ಫ್ರೇಮ್‌ವರ್ಕು ತರೋದು ಅಂದ್ರೆ ಗುಬ್ಬಿ ಮೇಲೆ ಬ್ರಹ್ಮಾಸ್ತ್ರ. ಆದ್ರೆ ಮೇಲೆ ಹೋಗಿ "ಏನೂ ಬೇಡ ಸಾರ್" ಅಂದ್ರೆ ಹೋಲಿಕೆ ಮುಗೀತು, ಹೋಲಿಸೋನ ಸೀಟೂ ಮುಗೀತು. ತಕ್ಕಡಿ ಬಾಯಿಗೆ ಬೀಗ ಹಾಕ್ಕೊಂಡು ಹೋಲಿಸೋಕೆ ಕೂತ.

ಏನ್ ಹೋಲಿಕೆ ಅಂತೀರಿ! ಗೋಡೆ ತುಂಬಾ ಕೋಷ್ಟಕ. ಅಕ್ಕ ಅರ್ಥ ಆಗ್ಲಿಲ್ಲ ಅಂದಿದ್ದಕ್ಕೆ ಲಾಂಡ್ರಿ ಭಾಷೇಲೇ ಬಿಡಿಸಿ ಹೇಳ್ದ. "ನೋಡಕ್ಕ, ಸ್ಪಾರ್ಕು ಅಂದ್ರೆ ಬಕೆಟ್ ಇದ್ದಂಗೆ. ಸ್ವಲ್ಪ ಬಟ್ಟೆ ಸೇರೋವರೆಗೂ ಕಾಯುತ್ತೆ, ಆಮೇಲೆ ಒಟ್ಟಿಗೆ ಅದ್ದುತ್ತೆ. ಫ್ಲಿಂಕು ನಲ್ಲಿ ಇದ್ದಂಗೆ. ಒಂದೇ ಒಂದು ಸಾಕ್ಸ್ ಬರ್ಲಿ, ತಕ್ಷಣ ಒಗೆಯುತ್ತೆ. ಇನ್ನು ಸರ್ವಿಸ್ ಕಟ್ಟೋದಕ್ಕೆ ಸ್ಪ್ರಿಂಗ್ ಬೂಟು. ದೊಡ್ಡ ಬಳಗ, ಏನ್ ಬೇಕಾದ್ರೂ ಮನೇಲೇ ಸಿಗುತ್ತೆ, ಆದ್ರೆ ಎಬ್ಬಿಸಿದ್ರೆ ಮೈ ಮುರ್ಕೊಂಡು ಏಳುತ್ತೆ. ಕ್ವಾರ್ಕಸ್ಸು ಸಣ್ಣ ಮೈ, ಕರೆದ್ರೆ ಸಾಕು ಎದ್ದು ನಿಂತಿರುತ್ತೆ."

"ಹಂಗಾದ್ರೆ ಯಾವ್ದು ಒಳ್ಳೇದು?"

"ಎಲ್ಲಾನೂ ಇಟ್ಟು ನೋಡ್ಬೇಕು."

"ನೋಡ್ತಾ ಇರಪ್ಪ. ಅಷ್ಟರಲ್ಲಿ ನಾನು ರಿಟೈರ್ ಆಗ್ತೀನಿ."

ಕೋಷ್ಟಕ ಇನ್ನೇನು ತುಂಬಿತು ಅನ್ನೋಷ್ಟರಲ್ಲಿ ಯಾವ್ದೋ ಒಂದಕ್ಕೆ ಹೊಸ ವರ್ಶನ್ ಬರ್ತಿತ್ತು. "ಅನ್ಯಾಯ ಆಗ್ಬಾರ್ದು" ಅಂತ ಇವನು ಎಲ್ಲ ಅಳಿಸಿ ಮೊದಲಿಂದ ಶುರು ಮಾಡ್ತಿದ್ದ. ಧಣಿ ಕೇಳಿದಾಗೆಲ್ಲ ಗೋಡೆ ತೋರಿಸ್ತಿದ್ದ. ಧಣಿಗೂ ಖುಷಿ. ಬಂದ ನೆಂಟರನ್ನೆಲ್ಲ ಕರ್ಕೊಂಡು ಬಂದು "ನೋಡಿ, ನಮ್ಮಲ್ಲಿ ಸಂಶೋಧನೆ ನಡೀತಿದೆ" ಅಂತಿದ್ದ. ಗಾಜಿನಾಚೆಯಿಂದ ನೆಂಟರು ತಕ್ಕಡೀನ ಮೃಗಾಲಯದಲ್ಲಿ ನೋಡ್ದಂಗೆ ನೋಡಿ ಹೋಗ್ತಿದ್ರು. ಹಿಂಗೇ ಎರಡು ವರ್ಷ.

ಮನೇಲೂ ಇದೇ ಕಥೆ. ಲಾಂಡ್ರಿಯೋನ ಹೆಂಡ್ತಿ ಕೈಯಲ್ಲೇ ಬಟ್ಟೆ ಒಗೀತಾಳೆ ಅಂದ್ರೆ ನಂಬ್ತೀರಾ? ಯಾವ ವಾಷಿಂಗ್ ಮಷೀನು ತಗೋಬೇಕು ಅಂತ ಇವನು ಇನ್ನೂ ನೋಡ್ತಿದ್ದ. "ಅಲ್ಲೀವರೆಗೂ ನಮ್ಮ ಕಂಪನಿಗೇ ಹಾಕೋಣ" ಅಂದಿದ್ದಕ್ಕೆ ಅವಳು, "ಬೇಡಪ್ಪಾ ಬೇಡ. ಹಾಕಿದ್ದೊಂದು ಬಿಟ್ಟು ಮಿಕ್ಕಿದ್ದೆಲ್ಲ ವಾಪಸ್ ಬರುತ್ತೆ" ಅಂದಿದ್ಲು.

ಒಂದಿನ ಅವಳು ಒದ್ದೆ ಚಾದರ ಹಿಂಡ್ತಿದ್ದಾಗ, ಇನ್ನೊಂದು ತುದಿ ಹಿಡ್ಕೊಂಡು ನಿಂತಿದ್ದ ತಕ್ಕಡಿ, ಮೇಸ್ತ್ರಿ ಹೇಳಿದ್ದನ್ನ ಮೊದಲ ಸಲ ಬಾಯ್ ಬಿಟ್ಟ.

"ರೀ, ಗೊತ್ತಿದ್ದೂ ಸುಮ್ನಿದ್ರಾ? ಎರಡ್ ವರ್ಷ?"

"ಹೇಳಿದ್ರೆ ಧಣಿ ನನ್ನನ್ನ ಕೆಳಗೆ ಹಾಕ್ತಾನೆ ಕಣೇ. ಆ ಹಬೇಲಿ, ಗೇಟ್ ಹತ್ರ, ಕೈಗೆ ಸ್ಕ್ಯಾನರ್ ಕೊಟ್ಟು."

"ಇಲ್ಲೇನ್ ಮಹಾರಾಜ್ರು ಸಿಂಹಾಸನದ ಮೇಲಿದೀರಾ? ಸರಿಯಾಗಿ ತಿರುವ್ರೀ, ನೀರ್ ಸೋರ್ತಿದೆ!"

ಅಷ್ಟರಲ್ಲಿ ಧಣಿ ಒಂದು ದೊಡ್ಡ ಆಸ್ಪತ್ರೆ ಕೆಲಸ ಹಿಡಿಯೋಕೆ ಹೊರಟ. ಆಸ್ಪತ್ರೆ ಬಟ್ಟೆ ಉಸ್ತುವಾರಿ ನೋಡೋ ಮೇಡಂ ಪರೀಕ್ಷೆಗೆ ಅಂತ ಒಂದು ಗಂಟು ಬಿಳಿ ಕೋಟು ಕಳಿಸಿದ್ರು. ಶುಕ್ರವಾರ ಅವರೇ ಬಂದು ನೋಡ್ತಾರಂತೆ. ಧಣಿ ತಕ್ಕಡಿ ಮುಂದೆ ನಿಂತು, "ಶುಕ್ರವಾರ ಅವರೆದುರಿಗೆ ಒಂದು ಹೆಸರು ಹೇಳ್ಬೇಕು. ಇಲ್ಲಾಂದ್ರೆ ನೀನು ಗೇಟಿಗೆ" ಅಂದ.

ಅತ್ತ ದರಿ, ಇತ್ತ ಪುಲಿ. ಒಂದು ಹೆಸರು ಹೇಳಿದ್ರೆ ಅದನ್ನ ಓಡಿಸೋದೂ ಇವನ ತಲೆಗೇ, ಬಟ್ಟೆ ಅದಲುಬದಲಾದ್ರೆ ಬೈಸ್ಕೊಳ್ಳೋದೂ ಇವನೇ. ನಿಜ ಹೇಳಿದ್ರೆ ಸೀಟು ಹೋಗುತ್ತೆ. ಅದಕ್ಕೆ ತಕ್ಕಡಿ ಗುರುವಾರ ಒಂದು ಉಪಾಯ ಹೂಡಿದ. ಬಕೆಟ್ಟು, ನಲ್ಲಿ ಅಂತ ಎರಡು ಒಗೆಯೋವು, ಸರ್ವಿಸ್ ಕಟ್ಟೋವು ಎರಡು. ಒಂದಕ್ಕೊಂದು ಗಂಟು ಹಾಕಿ ನಾಲ್ಕು ಜೋಡಿ ಮಾಡಿ, ನಾಲ್ಕನ್ನೂ ನಿಜವಾದ ಸ್ಕ್ಯಾನರ್‌ಗಳಿಗೇ ಸೇರಿಸಿ ಓಟದ ಪಂದ್ಯ ಇಟ್ಟ. ಗೆದ್ದಿದ್ದರ ಹೆಸರು ಹೇಳಿದ್ರಾಯ್ತು, ನಾಳೆ ಯಾರು ಕೇಳಿದ್ರೂ "ಅದೇ ಗೆದ್ದಿದ್ದು, ನಾನೇನ್ ಮಾಡ್ಲಿ" ಅನ್ನಬಹುದು. ಯಾರಿಗೂ ಮೋಸ ಆಗ್ಬಾರ್ದು ಅಂತ ದೊಡ್ಡಮ್ಮನ್ನ ಆಫ್ ಮಾಡಿ ಮಲಗಿಸಿದ. ಅಕ್ಕ ಎದೆ ಹಿಡ್ಕೊಂಡ್ಲು.

ಪಂದ್ಯ ಭರ್ಜರಿಯಾಗಿ ನಡೀತು. ನಾಲ್ಕೂ ಒಂದು ತಪ್ಪಿಲ್ಲದೆ ಓಡಿದ್ವು. ತಕ್ಕಡಿ ಮರೆತಿದ್ದು ಒಂದೇ. ನಾಲ್ಕೂ ಕೊನೇಲಿ ಕೆಳಗಡೆಗೆ "ವ್ಯಾನ್ ಹತ್ತಿಸಿ" ಅಂತ ನಿಜವಾದ ಆರ್ಡರ್ ಕೊಡ್ತವೆ. ಒಂದೊಂದು ಗಂಟಿಗೂ ನಾಲ್ಕ್ ನಾಲ್ಕು ಆರ್ಡರು! ಮೊದಲನೇದಕ್ಕೆ ಗಂಟು ಸಿಕ್ತು. ಮಿಕ್ಕ ಮೂರಕ್ಕೆ ಎಲ್ಲಿಂದ ತರೋದು? ಮೇಸ್ತ್ರಿ ಧಣಿ ಮಾತಿನಂತೆ ತೂಕ ನೋಡಿ ನೋಡಿ ಹತ್ತಿಸಿದ. ಸಂಜೆ ಹೊತ್ತಿಗೆ ಊರಲ್ಲಿ ಯಾರ ಮೈಮೇಲೂ ಅವರವರ ಬಟ್ಟೆ ಇರಲಿಲ್ಲ.

ಶುಕ್ರವಾರ ಆಸ್ಪತ್ರೆ ಮೇಡಂ ಬಂದ್ರು. ಕೈಯಲ್ಲಿ ದೊಡ್ಡ ಚೀಲ. ಮೀಟಿಂಗ್ ಮೇಜಿನ ಮೇಲೆ ಒಂದೊಂದಾಗಿ ತೆಗೆದು ಹಾಕಿದ್ರು.

"ಮೊದಲು ನಮ್ಮ ಕೋಟು ಬಂತು, ಸಂತೋಷ. ಆಮೇಲೆ ಯಾವ್ದೋ ಹೋಟೆಲಿನ ಪರದೆ. ಆಮೇಲೆ ಮಕ್ಕಳ ಸ್ವೆಟರು. ಕೊನೆಗೆ ಇದು." ಎತ್ತಿ ಹಿಡಿದಿದ್ದು ಫುಟ್‌ಬಾಲ್ ಚಡ್ಡಿ, ತೊಡೆ ಮೇಲೆ ನಂಬರ್ ಬೇರೆ. "ನಮ್ಮ ಸರ್ಜನ್ ಇದನ್ನ ಹಾಕ್ಕೊಂಡು ಆಪರೇಷನ್ ಮಾಡ್ಬೇಕಾ?"

ಧಣಿ ಬೆವರು ಒರೆಸ್ಕೊಂಡ. "ಅದು... ಹಳೇ ವ್ಯವಸ್ಥೆ ಮೇಡಂ. ನಮ್ಮ ತಜ್ಞರು ಹೊಸದನ್ನ ಆರಿಸಿದಾರೆ. ಹೇಳಪ್ಪಾ, ಯಾವ್ದು?"

ತಕ್ಕಡಿ ಗೋಡೆ ಕಡೆ ನೋಡ್ದ. ನಾಲ್ಕಕ್ಕೂ ಸರಿಸಮ ಅಂಕ. ಈ ಸಲ ಗೋಡೇನೂ ಕೈ ಕೊಟ್ಟಿತ್ತು. ಗಾಜಿನ ಕೆಳಗಡೆ ಗೇಟು, ಹಬೆ, ಸ್ಕ್ಯಾನರ್ ಹಿಡ್ಕೊಂಡು ನಿಂತೋನ ಒದ್ದೆ ಬೆನ್ನು, ಎಲ್ಲ ಕಾಣ್ತಿತ್ತು.

"ಯಾವ್ದೂ ಬೇಡ ಸಾರ್" ಅಂದ.

"ಏನು?"

"ದೊಡ್ಡಮ್ಮನೇ ಸಾಕು. ನಮ್ಮ ಬಟ್ಟೆ ಲೆಕ್ಕಕ್ಕೆ ಅದೇ ಜಾಸ್ತಿ. ತಪ್ಪಿರೋದು ತೂಕದ ರೂಲಲ್ಲಿ. ಗಂಟು ಸಿಗದಿದ್ರೆ ಸಿಗ್ಲಿಲ್ಲ ಅಂತ ಗಿರಾಕಿಗೆ ಹೇಳ್ಬೇಕು, ಬೇರೆಯೋರದ್ದು ತುರುಕ್ಬಾರ್ದು. ನನಗೆ ಇದು ಮೊದಲನೇ ವಾರಾನೇ ಗೊತ್ತಿತ್ತು. ನಿನ್ನೆ ನಾಲ್ಕ್ ನಾಲ್ಕು ಆರ್ಡರ್ ಹೋಗಿದ್ದೂ ನನ್ನಿಂದಾನೇ."

ಅಕ್ಕ ಬಾಯಿಗೆ ಸೆರಗು ಅಡ್ಡ ಹಿಡ್ಕೊಂಡ್ಲು. ಆಸ್ಪತ್ರೆ ಮೇಡಂ ಚಡ್ಡಿ ಮಡಚಿ ಚೀಲಕ್ಕೆ ಹಾಕ್ತಾ, "ಆ ರೂಲ್ ತೆಗೀರಿ, ಕೆಲಸ ಕೊಡ್ತೀನಿ" ಅಂದು ಎದ್ರು.

ಕೆಲಸ ಸಿಕ್ಕಿದ ಖುಷಿ ಒಂದ್ ಕಡೆ. ಆದ್ರೆ ನೆಂಟರಿಗೆಲ್ಲ ಸ್ಟ್ರೀಮಿಂಗು ಅಂತ ಕೊಚ್ಕೊಂಡಿದ್ದ ಧಣಿ ಮುಖ ಎಲ್ಲಿಡ್ತಾನೆ? ತೂಕದ ರೂಲ್ ಅವತ್ತೇ ಹೋಯ್ತು. ತಕ್ಕಡೀನೂ ಅವತ್ತೇ ಕೆಳಗೆ ಹೋದ. ಗೋಡೆ ಮುಂದಿನ ಸೀಟಿಗೆ ಧಣಿ ತಂಗಿ ಮಗ ಬಂದ, ಬಂದೋನೇ ಐದನೇ ಫ್ರೇಮ್‌ವರ್ಕಿಗೆ ಕಾಲಂ ಎಳೆದ.

ಗೇಟಲ್ಲಿ ಹಬೆ ಮುಖಕ್ಕೇ ಹೊಡೀತಿತ್ತು. ತಕ್ಕಡಿ ಕೈಗೆ ಸ್ಕ್ಯಾನರು. ಎರಡು ಬೆಲ್ಟು, ಎಡದ್ದು ಬಿಳಿ ಬಟ್ಟೆಗೆ, ಬಲದ್ದು ಬಣ್ಣಕ್ಕೆ. ಬಂದ ಒಂದು ಗಂಟು ಬಿಳೀನೂ ಅಲ್ಲ, ಬಣ್ಣಾನೂ ಅಲ್ಲ, ತೆಳು ಹಳದಿ. ಹಿಂದೆ ಲಾರಿಯವನು ಹಾರನ್ ಒತ್ತಿದ. ಮೇಸ್ತ್ರಿ ಕೂಗಿದ, "ಸಾರ್, ಯಾವ್ ಕಡೆ? ಬೇಗ ಹೇಳಿ, ಸಾಲು ನಿಂತಿದೆ!"

ತಕ್ಕಡಿ ಎರಡೂ ಬೆಲ್ಟ್ ನೋಡ್ದ. ಉಸಿರು ಎಳ್ಕೊಂಡ.

"ಬಲಕ್ಕೆ ಹಾಕು" ಅಂದ.

ಮೇಸ್ತ್ರಿ ಅವನ ಮುಖಾನ ಒಂದ್ಸಲ ನೋಡಿ, ಗಂಟನ್ನ ಬಲಕ್ಕೆ ಎಸೆದ.