ಭಾವನ ಬೆನ್ನಿಗೆ ಬಾಲ

ಸೈಕಲ್ ಸಂಘದಲ್ಲಿ ಆಕೆಯನ್ನು ಎಲ್ಲರೂ ಕರೆಯುವುದು ಬಾಲ ಎಂದೇ. ವರ್ಷಕ್ಕೊಮ್ಮೆ ಸಂಘದವರೆಲ್ಲ ಹೊಲಗಳ ನಡುವಿನ ರಸ್ತೆಯಲ್ಲಿ ಗಡಿಯಾರ ಹಿಡಿದು ಸವಾರಿ ಹೋಗುತ್ತಾರಲ್ಲ, ಅದರಲ್ಲಿ ಕಟ್ಟಕಡೆಗೆ ಬರುವವಳು ಆಕೆ. ಕಾಲಿಗೆ ಬಲವಿಲ್ಲದೆ ಅಲ್ಲ. ದಿನವಿಡೀ ಹೊಲಿಗೆ ಯಂತ್ರ ತುಳಿಯುವ ಕಾಲು ಅದು. ಆದರೆ ಬಾಯಿ ಸುಮ್ಮನಿರಬೇಕಲ್ಲ. ಕಳೆ ಕೀಳುವವರು ಕಂಡರೆ ನಿಲ್ಲುತ್ತಾಳೆ, ಕುರಿ ಕಾಯುವವನು ಕಂಡರೆ ಅವನ ಹೆಂಡತಿಯ ಮಂಡಿನೋವು ವಿಚಾರಿಸದೆ ಮುಂದೆ ಹೋಗುವುದಿಲ್ಲ. ಇನ್ನು ಯಾರದ್ದಾದರೂ ಟಯರ್ ಪಂಕ್ಚರ್ ಆದರಂತೂ ಮುಗಿಯಿತು. ಉಳಿದವರು ಬುರ್ರನೆ ಹೋಗಿಬಿಟ್ಟರೂ ಈಕೆ ಅವರ ಜೊತೆ ರಸ್ತೆ ಬದಿಗೆ ಕೂತು, ರಿಪೇರಿ ಮುಗಿಯುವ ತನಕ ಊರ ಸುದ್ದಿಯೆಲ್ಲ ಉಣಬಡಿಸುತ್ತಾಳೆ.

ಸಂಘದ ಅಧ್ಯಕ್ಷರು ಬೇರೆ ಯಾರೂ ಅಲ್ಲ, ಆಕೆಯ ಗಂಡನ ಅಣ್ಣ. ಕನ್ನಡಕದ ಅಂಗಡಿ ಇಟ್ಟುಕೊಂಡವರು, ಶಿಸ್ತು ಎಂದರೆ ಪ್ರಾಣ ಬಿಡುವವರು. ಕೊನೆಯವರು ಗುರಿಯ ಗೆರೆ ದಾಟಿದ ಹೊತ್ತೇ ಇಡೀ ಸಂಘದ ಹೊತ್ತು ಎಂಬುದು ಮೊದಲಿನಿಂದ ಇದ್ದ ಕಟ್ಟಳೆ. ಈ ಸಲ ಅವರು ಅದಕ್ಕೊಂದು ಬಾಲಂಗೋಚಿ ಸೇರಿಸಿದರು. ಕೊನೆಯವಳ ಸೀಟಿಗೆ ಕೆಂಪು ಬಟ್ಟೆ ಕಟ್ಟಬೇಕು, ಅದು ಗೆರೆ ದಾಟಿದ ಕೂಡಲೇ ಗಡಿಯಾರ ನಿಲ್ಲಿಸಬೇಕು, ತಲೆ ಎಣಿಸುವ ಗೋಜೇ ಬೇಡ. ಬಟ್ಟೆಯನ್ನೂ ಆಕೆಯ ಅಂಗಡಿಯಿಂದಲೇ ತರಿಸಿದರು. ಯಾರದೋ ಮನೆಯ ಪರದೆ ಹೊಲಿದು ಉಳಿದ ತುಂಡು.

ಹೊರಡುವ ಮುಂಚೆ ಎಲ್ಲರೆದುರಿಗೇ ಹೇಳಿದರು. "ನೋಡಮ್ಮ, ಹೋದ ವರ್ಷಕ್ಕಿಂತ ಬೇಗ ಮುಗಿದರೆ ಸರಿ. ತಡವಾಯ್ತೋ, ಮುಂದಿನ ಸಲದಿಂದ ಸವಾರಿ ಇಲ್ಲ, ನೀನು ನಿಮ್ಮಕ್ಕನ ಜೊತೆ ಶರಬತ್ತು ಹಂಚುವ ಮೇಜಿಗೆ."

"ಆಯ್ತು ಭಾವ" ಅಂದಳು. ಅಂದಳೇನೋ ನಿಜ, ಆದರೆ ವರ್ಷವಿಡೀ ಒಂದು ಬಲ್ಬಿನ ಕೆಳಗೆ ಮಂದಿಯ ಪ್ಯಾಂಟಿನ ಸೊಂಟ ಬಿಗಿ ಮಾಡುತ್ತ, ಸಡಿಲ ಮಾಡುತ್ತ ಕೂತವಳಿಗೆ ಮುಖಕ್ಕೆ ಗಾಳಿ ಬಡಿಯುವ ಬೆಳಗು ಅದೊಂದೇ. ಅದನ್ನೂ ಕಿತ್ತುಕೊಂಡರೆ ಹೇಗೆ?

ಅವತ್ತು ತುಟಿ ಪಿಟಕ್ಕೆನ್ನದೆ ತುಳಿದಳು. ಕುರಿ ಕಾಯುವವನಿಗೆ ಬರೀ ಕೈ ಬೀಸಿದಳು, ಪಾಪ ಅವನು ಏನೆಂದುಕೊಂಡನೋ. ಆದರೆ ಬೇಕರಿಯವನ ಸೈಕಲ್ಲಿನ ಚೈನು ಕಳಚಿತು. ನಿಲ್ಲಬಾರದು ಎಂದುಕೊಂಡೇ ನಿಂತಳು. ಇಬ್ಬರೂ ಕೈಯೆಲ್ಲ ಗ್ರೀಸು ಮಾಡಿಕೊಂಡು ನಡುದಾರಿಯ ಮರದಡಿ ತಲುಪುವ ಹೊತ್ತಿಗೆ ಉಳಿದವರು ನೀರು ಕುಡಿದು, ಭಾವನ ಭಾಷಣ ಕೇಳುತ್ತಿದ್ದರು.

"ಹೊತ್ತಿನ ಬೆಲೆ ಗೊತ್ತಿಲ್ಲದ ಒಬ್ಬರಿಂದ ಇಡೀ ಸಂಘಕ್ಕೆ ಕೆಟ್ಟ ಹೆಸರು" ಎನ್ನುತ್ತಿದ್ದರು ಭಾವ, ಸೊಂಟದ ಮೇಲೆ ಕೈಯಿಟ್ಟು, ಆಕೆಗೆ ಬೆನ್ನು ಮಾಡಿಕೊಂಡು. ಬೆನ್ನ ಮೇಲಿದ್ದದ್ದು ಆಕೆಯೇ ಹೊಲಿದುಕೊಟ್ಟ ಅಂಗಿ.

ಆಗ ತಲೆಯೊಳಗೆ ಹುಳ ಹೊಕ್ಕಿತು. ಸೀಟಿನಿಂದ ಕೆಂಪು ಬಟ್ಟೆ ಬಿಚ್ಚಿದಳು, ಕಾಲರಿನಲ್ಲಿ ಸದಾ ಸಿಕ್ಕಿಸಿಕೊಂಡಿರುವ ಗುಂಡುಸೂಜಿ ಎರಡನ್ನು ಕಿತ್ತಳು, ಭಾವನ ಅಂಗಿಯ ಹಿಂದಿನ ಅಂಚಿಗೆ ಬಟ್ಟೆಯನ್ನು ಚುಚ್ಚಿ ನಿಲ್ಲಿಸಿದಳು. ತೊಟ್ಟವರಿಗೆ ತಿಳಿಯದಂತೆ ಸೂಜಿ ಹಾಕುವುದು ಆಕೆಯ ಕಸುಬು ತಾನೇ. ಎದುರಿಗಿದ್ದವರೆಲ್ಲ ಕಂಡರು. ಅಂಚೆಯವನಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು. ಹೊರಟು ಎರಡು ಮಾರು ಹೋಗುವಷ್ಟರಲ್ಲಿ ಯಾರಾದರೂ ಹೇಳಿಬಿಡುತ್ತಾರೆ, ಬೈಸಿಕೊಂಡರಾಯಿತು, ಹೇಗಿದ್ದರೂ ಶರಬತ್ತಿನ ಮೇಜೇ ಗತಿ, ಹೋಗುವ ಮುಂಚೆ ಒಂದು ನಗುವಾದರೂ ಆಗಲಿ ಎಂದುಕೊಂಡಳು.

ಭಾವ ಎಲ್ಲರಿಗಿಂತ ಮುಂದೆ ಹೊರಟರು. ಈಕೆ ಕಿವಿ ನೆಟ್ಟಗೆ ಮಾಡಿಕೊಂಡೇ ತುಳಿದಳು. ತಿರುವು ಬಂತು, ಕೂಗಿಲ್ಲ. ಏರು ಬಂತು, ಕೂಗಿಲ್ಲ. ಏರಿನ ತುದಿಯಿಂದ ನೋಡಿದರೆ ದೂರದಲ್ಲಿ ಕೆಂಪು ಬಟ್ಟೆ ಪಟಪಟ ಹಾರುತ್ತಿದೆ, ಹಿಂದೆ ಅಷ್ಟೂ ಜನ ಮೆರವಣಿಗೆ ಹೊರಟವರಂತೆ ಹೋಗುತ್ತಿದ್ದಾರೆ. ತಮಾಷೆ ಕೈಮೀರಿತು, ಇನ್ನು ಮೇಜಲ್ಲ, ಸಂಘದಿಂದಲೇ ಆಚೆಗೆ. ಹೇಗಾದರೂ ಹಿಡಿದು ಕಿತ್ತುಕೊಳ್ಳೋಣವೆಂದು ಜನ್ಮದಲ್ಲಿ ತುಳಿಯದ ಹಾಗೆ ತುಳಿದಳು. ಹಿಡಿಯಲಾಗಲಿಲ್ಲ.

ಏದುಸಿರು ಬಿಡುತ್ತ ಗೆರೆ ದಾಟಿದಾಗ ಗಡಿಯಾರ ನಿಂತು ಎಷ್ಟೋ ಹೊತ್ತಾಗಿತ್ತು. ಗಡಿಯಾರ ಹಿಡಿದಿದ್ದವಳು ಅಕ್ಕ, ಭಾವನ ಹೆಂಡತಿ. ಭಾವ ಕಿತ್ತ ಕೆಂಪು ಬಟ್ಟೆಯನ್ನು ಅಕ್ಕನ ಮುಖದೆದುರು ಆಡಿಸುತ್ತಿದ್ದರು.

"ಕಣ್ಣು ಕಾಣಲ್ವೇನೇ ನಿಂಗೆ? ಮೊದಲು ಬಂದವನು ನಾನು."

"ಕೆಂಪು ಬಟ್ಟೆ ಕಂಡ್ರೆ ನಿಲ್ಸು, ತಲೆ ಎಣಿಸಬೇಡ ಅಂದೋರು ನೀವೇ. ಕಂಡಿತು, ನಿಲ್ಸಿದೆ" ಅಂದಳು ಅಕ್ಕ. "ಕನ್ನಡಕಾನೂ ನೀವೇ ಕೊಟ್ಟಿದ್ದು."

ಭಾವ ಸವಾರರ ಕಡೆ ತಿರುಗಿದರು. "ನನ್ನ ಬೆನ್ನ ಹಿಂದೇನೇ ಬಂದ್ರಲ್ಲ, ಒಬ್ಬರಿಗಾದ್ರೂ ಕಾಣಿಸಲಿಲ್ವಾ?"

ಅಂಚೆಯವನು ಆಕಾಶ ನೋಡಿದ. "ಬಿಸಿಲಿತ್ತು ಸಾರ್" ಅಂದ ಬೇಕರಿಯವನು. "ನಮ್ಮೆಲ್ಲರ ಕಣ್ಣು ಒಂದ್ಸಲ ಪರೀಕ್ಷೆ ಮಾಡ್ಬಿಡಿ" ಅಂದರು ಲೆಕ್ಕದ ಮೇಷ್ಟ್ರು.

ಆಕೆ ಒಬ್ಬೊಬ್ಬರ ಮುಖವನ್ನೇ ನೋಡಿದಳು. ಒಂದಲ್ಲ ಒಂದು ವರ್ಷ ರಸ್ತೆ ಬದಿಯಲ್ಲಿ ಆಕೆಯ ಪಕ್ಕ ಕೂತವರೇ ಎಲ್ಲರೂ. ಬೇಕೆಂದೇ ಬಾಯಿ ಮುಚ್ಚಿಕೊಂಡು ಬಂದಿದ್ದಾರೆ ಎಂಬುದು ಆಗ ಹೊಳೆಯಿತು. ಚೈನು ನೋಡುವವಳ ಹಾಗೆ ಬಗ್ಗಿ ಕಣ್ಣೊರೆಸಿಕೊಂಡಳು, ಕೆನ್ನೆಗೆಲ್ಲ ಗ್ರೀಸಾಯಿತು.

"ನಿನ್ನ ಕೆಲಸ ತಾನೇ ಇದು?" ಅಂದರು ಭಾವ.

"ಹೌದು ಭಾವ."

ಭಾವ ಗಡಿಯಾರ ಇಸಿದುಕೊಂಡು ನೋಡಿದರು. ಹೋದ ವರ್ಷಕ್ಕಿಂತ ಎಷ್ಟೋ ಬೇಗ. ಮಾತು ಕೊಟ್ಟದ್ದು ಎಲ್ಲರೆದುರಿಗೆ, ಈಗ ನುಂಗುವ ಹಾಗಿಲ್ಲ. ಹಲ್ಲು ಕಚ್ಚಿಕೊಂಡೇ ಆಕೆಯ ಸೈಕಲ್ಲಿನ ಬಳಿ ಹೋಗಿ, ಕೆಂಪು ಬಟ್ಟೆಯನ್ನು ಸೀಟಿಗೆ ಗಂಟಿನ ಮೇಲೆ ಗಂಟು ಹಾಕಿ ತಾವೇ ಕಟ್ಟಿದರು.

"ಮುಂದಿನ ವರ್ಷ ಇದು ಇಲ್ಲಿಂದ ಅಲ್ಲಾಡಲಿ, ಆಮೇಲೆ ನೋಡ್ಕೋತೀನಿ ನಿನ್ನ" ಅಂದು, ಶರಬತ್ತಿನ ಮೇಜಿನ ಪಕ್ಕದ ಕುರ್ಚಿಯತ್ತ ನಡೆದರು.

"ಭಾವ, ಕೂರುವಾಗ ಜೋಪಾನ" ಅಂದಳು ಆಕೆ. "ಸೂಜಿ ಎರಡೂ ಇನ್ನೂ ಅಲ್ಲೇ ಇವೆ."