ಗೌಂಡಿ ದಾವಲಸಾಬ ಮತ್ತು ಸಖೂಬಾಯಿಯ ಡಬ್ಬಿ

ಟಿಕೋಟಾದ ಗೌಂಡಿ ದಾವಲಸಾಬನು ಕಟ್ಟಿದ ಗೋಡೆಗಳು ಇಂದಿಗೂ ನೆಟ್ಟಗೆ ನಿಂತಿವೆ. ಅವನ ಮಾತು ಮಾತ್ರ ಎಂದೂ ನೆಟ್ಟಗೆ ನಿಂತದ್ದಿಲ್ಲ. ಒಂದಕ್ಕೆ ನಾಲ್ಕು ಸೇರಿಸದ ಹೊರತು ಅವನ ನಾಲಿಗೆ ಹೊರಳುತ್ತಿರಲಿಲ್ಲ. ಆದ್ದರಿಂದ ಅವನ ಬಾಯಿಂದ ಕೇಳಿದ್ದನ್ನು ಅರ್ಧ ಕಳೆದು ನಂಬಬೇಕು. ಇಲ್ಲಿ ಬರೆದಿರುವುದರಲ್ಲಿ ನಾನು ಆಗಲೇ ಅರ್ಧ ಕಳೆದಿದ್ದೇನೆ.

ಅವನಿಗೆ ಬೀಡಿಯ ಚಟವಿರಲಿಲ್ಲ, ಎಲೆ ಅಡಿಕೆಯ ಚಟವೂ ಇರಲಿಲ್ಲ. ಇದ್ದದ್ದು ಮಾದಲಿಯ ಚಟ. ಗೋಧಿಯ ದಪ್ಪ ಚಪಾತಿ ಬೇಯಿಸಿ, ಒಣಗಿಸಿ, ಕುಟ್ಟಿ, ಸಾಣಿಗೆ ಹಿಡಿದು, ಅದಕ್ಕೆ ಬೆಲ್ಲ, ಪುಟಾಣಿ, ಒಣಕೊಬ್ಬರಿ, ಶುಂಠಿ, ಏಲಕ್ಕಿ, ಗಸಗಸೆ ಬೆರೆಸಿದರೆ ನಮ್ಮ ಕಡೆಯ ಮಾದಲಿ. ಮೇಲೆ ತುಪ್ಪ ಹಾಕಿ ಹಾಲು ಸುರಿದುಕೊಂಡು ಉಣ್ಣಬೇಕು. ಬಿಜ್ಜರಗಿಯ ಒಂದು ಮದುವೆಯಲ್ಲಿ ದಾವಲಸಾಬನು ಏಳು ಸಲ ಮಾದಲಿ ಹಾಕಿಸಿಕೊಂಡು, ಬಣವೆಯ ನೆರಳಿನಲ್ಲಿ ಮಲಗಿ, ಬೀಗರೆಲ್ಲ ಊರಿಗೆ ಹೋದ ಮೇಲೆ ಎದ್ದು, "ಅಕ್ಕಿಕಾಳು ಯಾವಾಗ ಬೀಳ್ತಾವ್ರಿ?" ಎಂದು ಕೇಳಿದ್ದನು.

ಇಂಥವನು ೧೯೭೬ರಲ್ಲಿ ಬಹರೇನಿಗೆ ಹೋದನು. ಅಲ್ಲಿ ಮನೆಗಳು ಅಣಬೆಯಂತೆ ಏಳುತ್ತಿವೆ, ಗೌಂಡಿಗಳು ಬೇಕಾಗಿದ್ದಾರೆ ಎಂದು ಮುಂಬಯಿಯ ಏಜೆಂಟನೊಬ್ಬ ಹೇಳಿ ಕಳಿಸಿದ್ದನು. ಆಗಿನ ವಿಜಾಪುರದ ಸ್ಟೇಷನ್ನಿನಲ್ಲಿ ಅವನ ಹೆಂಡತಿ ಸುಗರಾಬಿ ಒಂದು ದೊಡ್ಡ ಡಾಲ್ಡಾ ಡಬ್ಬಿಯ ತುಂಬ ಮಾದಲಿ ಕೊಟ್ಟು, "ಆರ ತಿಂಗಳ ಬರಬೇಕು ನೋಡ್ರಿ, ದಿನಾ ಒಂದ ಹಿಡಿ," ಎಂದಳು. ಸೊಲ್ಲಾಪುರ ಬರುವಷ್ಟರಲ್ಲಿ ಅರ್ಧ ಮುಗಿಯಿತು. ಏಜೆಂಟನ ಬಾಗಿಲಲ್ಲಿ ಹನ್ನೊಂದು ದಿನ ಕಾಯುವಾಗ ಉಳಿದರ್ಧವೂ ಮುಗಿಯಿತು. ಬಹರೇನಿನ ಸುಂಕದವರಿಗೆ ತೋರಿಸಲು ಅವನ ಬಳಿ ಉಳಿದದ್ದು ಗಾರೆ ಹಚ್ಚುವ ಒಂದು ಕರಣಿ, ಒಂದು ತೂಗುಗುಂಡು, ಎರಡು ಅಂಗಿ.

ಅವನ ಪತ್ರಗಳನ್ನು ಸುಗರಾಬಿಗೆ ನಾನು ಓದಿ ಹೇಳುತ್ತಿದ್ದೆ. ಅವನು ನಾಲ್ಕನೆಯ ಇಯತ್ತೆಯವರೆಗೆ ನಮ್ಮ ಶಾಲೆಯಲ್ಲಿಯೇ ಓದಿದವನು. ಬರವಣಿಗೆ ಗೋಡೆಯ ಮೇಲೆ ಗಿಲಾವು ಎರಚಿದ ಹಾಗೆ ಇದ್ದರೂ ಅರ್ಥವಾಗುತ್ತಿತ್ತು.

"ನನ್ನ ಸುದ್ದಿ ಏನರ ಬರದಾರೇನ್ರಿ ಮಾಸ್ತರ?" ಎಂದು ಸುಗರಾಬಿ ಪ್ರತಿ ಸಲವೂ ಕೇಳುವಳು.

"ಬರದಾನವ್ವಾ. ನಿನ್ನ ಮಾದಲಿ ನೆನಪಾಗತೈತಂತ."

"ಮಾದಲೀದಲ್ರಿ, ನಂದು, ನಂದು!"

ನಾನು ಕಾಗದವನ್ನು ತಿರುಗಿಸಿ ನೋಡುವೆ. ಹಿಂದಿನ ಪುಟದಲ್ಲಿ ಅಲ್ಲಿಯ ಹಲ್ವಾದ ನಿಂದೆ ಇರುತ್ತಿತ್ತು. "ಇಲ್ಲಿಯ ಹಲ್ವಾ ಹಸೀ ಗಿಲಾವು ಇದ್ದಂಗ. ಬಾಯಾಗ ಇಟ್ಟರ ಮ್ಯಾಲಿನ ಹಲ್ಲು ಕೆಳಗಿನ ಹಲ್ಲು ಜೋಡಿ ಕೂಡತಾವ." ದುಡ್ಡು ಕೊಟ್ಟರೂ ಮಾದಲಿ ಸಿಗುವುದಿಲ್ಲ ಎಂದು ಅವನ ಅಳಲು. ವಿಜಾಪುರದ ಸ್ಟೇಷನ್ ರಸ್ತೆಯ ಅಂಗಡಿಗಳಲ್ಲಿಯೇ ಸಿಗದ, ಮನೆಯಲ್ಲಷ್ಟೇ ಹುಟ್ಟುವ ಪದಾರ್ಥ ಅರಬರ ನಾಡಿನಲ್ಲಿ ಸಿಗುವುದೆಲ್ಲಿಂದ ಬಂತು?

ಅವನ ಖೋಲಿಯಲ್ಲಿ ಇದ್ದವರು ಐದು ಜನ. ಮೂವರು ಮಲೆಯಾಳಿಗಳು, ಒಬ್ಬ ಪೇಶಾವರದ ಪಠಾಣ, ಐದನೆಯವನು ಇವನು. ಏಳು ತಿಂಗಳು ಕನ್ನಡದಲ್ಲಿ ಒಂದು ಮಾತು ಆಡಲು ದಿಕ್ಕಿಲ್ಲದೆ, ದಾವಲಸಾಬನು ತಾನು ಕಟ್ಟುವ ಇಟ್ಟಂಗಿಗಳ ಕೂಡ ಮಾತನಾಡತೊಡಗಿದ್ದನು. "ಸರಿಯಾಗಿ ಕೂಡ್ರಲೇ ಹುಚ್ಚಪ್ಪಾ," ಎಂದು ಇಟ್ಟಂಗಿಗೆ ಬೈದು ತಾನೇ ಸಮಾಧಾನಪಡುತ್ತಿದ್ದನು.

ಹೀಗಿರುವಾಗ ಒಂದು ಶುಕ್ರವಾರ, ಮನಾಮಾ ಪೇಟೆಯ ಕಿರಾಣಿ ಅಂಗಡಿಯೊಂದರ ಮುಂದೆ ಹೆಣ್ಣುದನಿಯೊಂದು ಅವನ ಕಿವಿಗೆ ಬಿತ್ತು.

"ಇದೇನ್ ಬೆಲ್ಲ ಅಂತೀರೋ ಡಾಂಬರ ಅಂತೀರೋ? ಇದನ್ನ ಹಾಕಿ ಮಾದಲಿ ಮಾಡಿದ್ರ ನಮ್ಮವ್ವ ಬಾಬಲೇಶ್ವರದಿಂದ ಬಂದು ನನ್ನ ಬಡೀತಾಳ!"

ದಾವಲಸಾಬನು ಅಲ್ಲಿಯೇ ಕಲ್ಲಾಗಿ ನಿಂತನು. ಬೈಗುಳ, ಬಾಬಲೇಶ್ವರ, ಮಾದಲಿ ಮೂರೂ ಒಂದೇ ಉಸಿರಿನಲ್ಲಿ! ಆಕೆಯೂ ಜೊತೆಗಿದ್ದ ಆಕೆಯ ಗಂಡನೂ ನಡೆದರು, ಇವನೂ ಹಿಂದೆ ನಡೆದನು. ಮೂರು ಓಣಿ ದಾಟಿದ ಮೇಲೆ ಗಂಡನು ಗಕ್ಕನೆ ತಿರುಗಿ ಕಿಸೆಯ ಮೇಲೆ ಕೈ ಇಟ್ಟುಕೊಂಡು ಹಿಂದಿಯಲ್ಲಿ ಗದರಿಸಿದನು.

"ಯಪ್ಪಾ, ಹೊಡೀಬ್ಯಾಡ್ರಿ!" ಎಂದನು ದಾವಲಸಾಬ. "ನಾ ಕಿಸೆಗಳ್ಳ ಅಲ್ರಿ. ನಾ ಟಿಕೋಟಾದಾಂವ!"

"ಟಿಕೋಟಾದಾಂವ ಅಂದ ಮ್ಯಾಲೆ ಕಿಸೆ ಗಟ್ಟಿ ಹಿಡಕೋರಿ," ಎಂದಳು ಆಕೆ ಗಂಡನಿಗೆ. ಮರುಕ್ಷಣವೇ ಮೂವರೂ ನಡುಬೀದಿಯಲ್ಲಿ ನಿಂತು ನಗತೊಡಗಿದರು.

ಆತ ಮಲ್ಲಿಕಾರ್ಜುನ, ಬಾಬಲೇಶ್ವರದವನು. ಒಂದು ಕಂಪನಿಯಲ್ಲಿ ಕಟ್ಟಡಗಳ ನಕ್ಷೆ ಬರೆಯುವ ಕೆಲಸ. ಆಕೆ ಅವನ ಹೆಂಡತಿ ಸಖೂಬಾಯಿ. ಅವಳಿಗೆ ಅಲ್ಲಿ ಮಾತನಾಡಲು ಗಂಡನೊಬ್ಬನೇ ಇದ್ದನು, ಆ ಗಂಡನೋ ಮಾತಿಗಿಂತ ಪೆನ್ಸಿಲನ್ನು ಹೆಚ್ಚು ನಂಬಿದವನು. ದಾವಲಸಾಬನನ್ನು ಆಗಲೇ ಮನೆಗೆ ಕರೆದೊಯ್ದು ಕೂಡ್ರಿಸಿದರು. ಮುಂದಿನ ಶುಕ್ರವಾರ ಮಾದಲಿ ಮಾಡಿ ಕರೆದರು. ಅವನು ಉಂಡನು. ಎಷ್ಟು ಉಂಡನೆಂಬುದನ್ನು ನಾನು ಬರೆಯುವುದಿಲ್ಲ, ಓದುವವರು ನನ್ನನ್ನೇ ಸುಳ್ಳುಗಾರನೆಂದಾರು. ಉಂಡು ಸುಮ್ಮನೆ ಎದ್ದು ಬಂದಿದ್ದರೆ ಕಥೆಯೇ ಇರುತ್ತಿರಲಿಲ್ಲ. ಹೊಟ್ಟೆ ತುಂಬಿದ ಮೇಲೆ ಅವನ ನಾಲಿಗೆ ಸಡಿಲಾಯಿತು.

"ಮಾದಲಿ ಬಾಬಲೇಶ್ವರದ್ದು ಚಲೋ, ಒಪ್ಪಿದ್ನಿ ಅಕ್ಕಾರ. ಆದ್ರ ಶೇಂಗಾ ಉಂಡಿ ಅಂದ್ರ ಟಿಕೋಟಾದ್ದು. ನಾ ಕಟ್ಟಿದ ಉಂಡಿ ನೀವು ತಿಂದಿಲ್ಲ!"

"ನೀವು ಉಂಡಿ ಕಟ್ಟತೀರೇನು ಅಣ್ಣಾರ?"

"ಮನಿ ಕಟ್ಟಾಂವಗ ಉಂಡಿ ಕಟ್ಟೂದು ದೊಡ್ಡದೇನ್ರಿ?"

ಸಖೂಬಾಯಿ ನಕ್ಕು, ಒಂದು ಸ್ಟೀಲ್ ಡಬ್ಬಿಯ ತುಂಬ ಮಾದಲಿ ಹಾಕಿ ಅವನ ಕೈಗಿತ್ತಳು.

ನೆರೆಮನೆಯಿಂದ ತುಂಬಿ ಬಂದ ಪಾತ್ರೆಯನ್ನು ನಮ್ಮ ಕಡೆ ಯಾರೂ ಬರಿದಾಗಿ ತಿರುಗಿ ಕೊಡುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆ, ಅದೂ ಇಲ್ಲದಿದ್ದರೆ ಜೋಳ ಹಾಕಿಯಾದರೂ ಕೊಡುತ್ತಾರೆ. ಮಾದಲಿಯು ಮೂರು ದಿನಕ್ಕೆ ಮುಗಿಯಿತು. ಡಬ್ಬಿಯು ಉಳಿಯಿತು. ಸಕ್ಕರೆ ಹಾಕಿ ಕೊಡೋಣವೆಂದರೆ ಉಂಡಿಯ ಜಂಬ ಕೊಚ್ಚಿಕೊಂಡಾಗಿದೆ. ಖರ್ಜೂರ ಹಾಕೋಣವೆಂದರೆ ಆ ಊರಿನಲ್ಲಿ ಖರ್ಜೂರ ಒಯ್ಯುವುದು ಜೋಳ ಬೆಳೆಯುವ ಜೈನಾಪುರದವರಿಗೆ ಜೋಳದ ದಂಟು ಒಯ್ದ ಹಾಗೆ. ಡಬ್ಬಿಯಿಲ್ಲದೆ ಹೋದರೆ ನುಂಗಿದನೆಂದಾರು. ಕನ್ನಡ ಮಾತಿಗೂ ಮಾದಲಿಗೂ ಇದ್ದದ್ದು ಅದೊಂದೇ ಮನೆ, ಆ ಮನೆಯ ಬಾಗಿಲಿಗೆ ಈ ಡಬ್ಬಿ ಅಡ್ಡ ಕುಳಿತಿತ್ತು. ಅವನು ನಾಲ್ಕು ಶುಕ್ರವಾರ ಹೋಗಲಿಲ್ಲ. ಒಮ್ಮೆ ಪೇಟೆಯಲ್ಲಿ ಮಲ್ಲಿಕಾರ್ಜುನನನ್ನು ದೂರದಿಂದ ಕಂಡು, ರತ್ನಗಂಬಳಿಯ ಅಂಗಡಿಯೊಂದರಲ್ಲಿ ಹೊಕ್ಕು, ಗಂಬಳಿಗಳ ಹಿಂದೆ ಅವಿತು ನಿಂತನಂತೆ.

ಅಷ್ಟರಲ್ಲಿ ಊರಿಗೆ ಪತ್ರ ಬಂದಿತ್ತು. "ಶೇಂಗಾ ಉಂಡಿ ಮಾಡುವ ರೀತಿ ತುರ್ತಾಗಿ ತಿಳಿಸುವುದು. ಟಿಕೋಟಾದ ಮರ್ಯಾದೆಯ ಪ್ರಶ್ನೆ."

ಸುಗರಾಬಿ ಹೇಳಿದಳು, ನಾನು ಬರೆದುಕೊಂಡೆ.

"ಶೇಂಗಾ ಹುರದು, ಸಿಪ್ಪಿ ತಗದು, ಬೆಲ್ಲದ ಪಾಕ ಹಿಡದು, ಬಿಸೀ ಇದ್ದಾಗನ ಕಟ್ಟೂದ್ರಿ."

"ಬೆಲ್ಲ ಎಷ್ಟವ್ವಾ?"

"ಹಿಡಸೂವಷ್ಟ್ರಿ."

"ಹಿಡಸೂದು ಎಷ್ಟು?"

"ಅದೇನ ಮಾಸ್ತರ, ಕೈಗೆ ಗೊತ್ತಾಗತೈತಿ."

"ಅವನ ಕೈಗೆ ಗೊತ್ತಾಗಬೇಕಲ್ಲ?"

"ಗೊತ್ತಾಗೂದಿಲ್ರಿ," ಎಂದಳು ಸುಗರಾಬಿ. "ಮನ್ಯಾಗ ತಮ್ಮ ಕೈಲೆ ನೀರ ತುಗೊಂಡ ಕುಡದವರಲ್ಲ ಅವರು. ಕಟ್ಟಲಿ, ತಿಳೀಲಿ!"

ಅವಳು ಹೇಳಿದಷ್ಟನ್ನು ಬರೆದು ನಾನು ಅಂಚೆಗೆ ಹಾಕಿದೆ. ಲೆಕ್ಕವಿಲ್ಲದ ಆ ಪತ್ರಕ್ಕೆ ದಾವಲಸಾಬನು ತನ್ನ ಕಸುಬಿನ ಲೆಕ್ಕವನ್ನೇ ಹಚ್ಚಿದನು. ಸಾದಾ ಗೋಡೆಗಾದರೆ ಸಿಮೆಂಟು ಒಂದು ಪಾಲು, ಉಸುಕು ನಾಲ್ಕು ಪಾಲು. ನೀರಿನ ಟಾಕಿಗಾದರೆ ಒಂದಕ್ಕೆ ಎರಡು. ಊರಿನ ಮರ್ಯಾದೆಯೆಂಬುದು ಟಾಕಿಗಿಂತಲೂ ಸೂಕ್ಷ್ಮ, ಎಲ್ಲಿಯೂ ಸೋರಬಾರದು. ಆದ್ದರಿಂದ ಒಂದು ಪಾಲು ಶೇಂಗಾಕ್ಕೆ ಒಂದು ಪಾಲು ಬೆಲ್ಲ.

ಅದಕ್ಕೂ ದೊಡ್ಡ ಚಿಂತೆಯೊಂದಿತ್ತು. ಸಖೂಬಾಯಿಯದು ಮಾಂಸ ಮುಟ್ಟದ ಮನೆ. ಇವನ ಖೋಲಿಯ ಪಾತ್ರೆಗಳೋ ದಿನವೂ ಮಾಂಸ ಕಂಡಂಥವು. ಆದ್ದರಿಂದ ಹೊಸ ಬೋಗಾಣಿ ಕೊಂಡನು. ಪಾಕ ತಿರುವಲು ಹೊಸದೊಂದು ಕರಣಿಯನ್ನೇ ಕೊಂಡನು, ಚಮಚೆಗಿಂತ ಅದೇ ಅವನ ಕೈಗೆ ಕೂಡುತ್ತಿತ್ತು. ಆ ದಿನ ಖೋಲಿಯಲ್ಲಿ ಬೇಳೆಯ ಹೊರತು ಏನನ್ನೂ ಬೇಯಿಸಕೂಡದೆಂದು ಅಪ್ಪಣೆ ಮಾಡಿದನು. ಪಠಾಣನು ಬೇಳೆಯನ್ನು ನೋಡಿ, "ನಿಮ್ಮೂರಲ್ಲಿ ಯಾರಾದರೂ ಸತ್ತರೇ?" ಎಂದು ಕೇಳಿದನಂತೆ.

ಗಿಲಾವಿಗೆ ಅವಸರ ಸಲ್ಲದು ಎಂದು ಪಾಕವನ್ನು ಒಂದು ತಾಸು ಕುದಿಸಿದನು. ಹದಿನಾರು ಉಂಡಿಗಳಾದವು. ಸಾಲಾಗಿ ಇಟ್ಟು, ದಾರ ಹಿಡಿದು ನೋಡಿದನು. ಕೂದಲೆಳೆಯಷ್ಟೂ ಅಂಕುಡೊಂಕಿರಲಿಲ್ಲ. ಚೆನ್ನಾಗಿ ಕೂಡಲೆಂದು ಮೂರು ದಿನ ಬಿಟ್ಟು, ಐದನೆಯ ಶುಕ್ರವಾರ ಡಬ್ಬಿ ತುಂಬಿಕೊಂಡು ಹೊರಟನು.

"ಏನ್ ಅಣ್ಣಾರ, ಮುನಿಸ್ಕೊಂಡಿದ್ರೇನು? ತಿಂಗಳಾತು ಬಂದಿಲ್ಲ!" ಎನ್ನುತ್ತ ಸಖೂಬಾಯಿ ಡಬ್ಬಿ ತೆಗೆದಳು. "ಅಯ್ಯ, ಎಷ್ಟ ಚಂದ ಗುಂಡಗ ಅದಾವು!" ಎಂದು ಗಂಡನಿಗೆ ಒಂದು ಕೊಟ್ಟು ತಾನೊಂದನ್ನು ಬಾಯಿಗೆ ಒಯ್ದಳು. ಒಯ್ದವಳು ತಡೆದಳು. ಮೆಲ್ಲಗೆ ಅದನ್ನು ತಾಟಿನ ಅಂಚಿಗಿಟ್ಟು, "ಆಮ್ಯಾಲೆ ತಿಂತೇನಿ ಅಣ್ಣಾರ," ಎಂದಳು. ಮಲ್ಲಿಕಾರ್ಜುನನು ಮುಖ ಅತ್ತ ತಿರುಗಿಸಿ ಕಿಟಕಿಯನ್ನು ನೋಡುತ್ತ ಕುಳಿತನು.

ಆ "ಆಮೇಲೆ" ದಾವಲಸಾಬನಿಗೆ ಹೊಸದಲ್ಲ. ಗೋಡೆ ಕಟ್ಟಿಸಿಕೊಂಡು, ನೀರನ್ನು ಮಾತ್ರ ಮೇಲಿನಿಂದ ಬೊಗಸೆಗೆ ಸುರಿಯುವ ಮನೆಗಳನ್ನು ಅವನು ನಮ್ಮ ಸೀಮೆಯಲ್ಲಿ ಸಾಕಷ್ಟು ಕಂಡಿದ್ದನು. ಅಲ್ಲಿ ಅವನಿಗೆ ಏನೂ ಅನಿಸುತ್ತಿರಲಿಲ್ಲ. ಇಲ್ಲಿ ಅನಿಸಿತು.

"ಅಕ್ಕಾರ," ಎಂದನು ಸಣ್ಣ ದನಿಯಲ್ಲಿ, "ಬೋಗಾಣಿ ಹೊಸಾದ್ರಿ. ಕರಣಿ ಸೈತ ಹೊಸಾದು. ಅವತ್ತ ಖೋಲ್ಯಾಗ ಮಾಂಸ ಬೇಸಿಲ್ಲ. ಪಠಾಣಗ ಬ್ಯಾಳಿ ತಿನಿಸೇನಿ. ನಿಮಗ ನಡೀಲಿಲ್ಲಂದ್ರ ಇರಲಿ ಬಿಡ್ರಿ, ನಾ ಏನೂ ತಿಳ್ಕೊಳ್ಳೂದಿಲ್ಲ."

ಸಖೂಬಾಯಿ ಕಣ್ಣು ದೊಡ್ಡದು ಮಾಡಿದಳು. "ಏನ್ ಮಾತಾಡ್ತೀರಿ ಅಣ್ಣಾರ? ನಾ ಅದಕ್ಕ ಇಟ್ಟೇನೇನು? ಯಣ್ಣಾ, ಅದಕ್ಕ ಹಲ್ಲ ಊರೂದಿಲ್ಲ!"

"ಹಂಗ ಅನಬ್ಯಾಡ್ರಿ. ಅಣ್ಣಾರು ತಿನ್ನಾಕತ್ತಾರಲ್ಲ?"

ಅಣ್ಣನವರು ಕಿಟಕಿಯಿಂದ ಇತ್ತ ತಿರುಗಿದರು. ಎಡಗೆನ್ನೆ ಹಲ್ಲುನೋವು ಬಂದವರಂತೆ ಉಬ್ಬಿತ್ತು. ಮಲ್ಲಿಕಾರ್ಜುನನು ಉಂಡಿಯನ್ನು ಬಾಯಿಂದ ಅಂಗೈಗೆ ತೆಗೆದು, ಸುತ್ತ ತಿರುಗಿಸಿ ನೋಡಿ, "ಆಗಿನಿಂದ ಚೀಪಾಕತ್ತೇನಿ," ಎಂದನು. "ಮ್ಯಾಲಿನ ಸುಣ್ಣ ಸೈತ ಹೋಗಿಲ್ಲ."

ಸಖೂಬಾಯಿ ತನ್ನ ಉಂಡಿಯನ್ನು ಎತ್ತಿ ನೆಲಕ್ಕೆ ಬಿಟ್ಟಳು. ಠಣ್ ಎಂದು ಪುಟಿದು, ಉರುಳಿ, ಮಂಚದ ಕೆಳಗೆ ಹೋಯಿತು. ದಾವಲಸಾಬನು ತಟ್ಟನೆ ಮೊಣಕಾಲೂರಿ ನೆಲದ ಹಾಸುಗಲ್ಲನ್ನು ಬೆರಳಿನಿಂದ ಮುಟ್ಟಿ ನೋಡಿದನು.

"ಪರಶಿ ಸೀಳಿಲ್ರಿ ಅಕ್ಕಾರ. ಚಲೋ ಕೂಡಿಸ್ಯಾರ."

ಆಗ ಸಖೂಬಾಯಿ ನಕ್ಕ ನಗು ಪಕ್ಕದ ಮನೆಯ ಈಜಿಪ್ತಿನವರು ಬಾಗಿಲು ತೆರೆದು ನೋಡುವಷ್ಟಿತ್ತು. ಆ ದೇಶಕ್ಕೆ ಬಂದಂದಿನಿಂದ ಆಕೆ ಹಾಗೆ ನಕ್ಕಿರಲಿಲ್ಲವೆಂದು ಮಲ್ಲಿಕಾರ್ಜುನನು ಮುಂದೊಮ್ಮೆ ಹೇಳಿದನಂತೆ. ಆಕೆ ಕಬ್ಬಿಣದ ಕುಟ್ಟಾಣಿ ತಂದು ನಡುಮನೆಯಲ್ಲಿ ಕುಳಿತಳು. ಒಂದೊಂದು ಉಂಡಿಗೂ ಏಳೆಂಟು ಪೆಟ್ಟು ಬೇಕಾದವು. ಕುಟ್ಟಿದ ಪುಡಿಯನ್ನು ಮೂರು ತಾಟುಗಳಿಗೆ ಹಾಕಿ, ತುಪ್ಪ ಬಿಟ್ಟು, ಹಾಲು ಸುರಿದು, ಮೊದಲ ತುತ್ತನ್ನು ತಾನೇ ತಿಂದಳು.

"ಹೆಂಗೈತ್ರಿ?" ಎಂದನು ದಾವಲಸಾಬ.

"ಉಂಡೀನೂ ಅಲ್ಲ, ಮಾದಲೀನೂ ಅಲ್ಲ. ಆದ್ರ ರುಚಿ ಐತಿ."

ಮೂವರೂ ತಾಟು ಬಳಿದು ತಿಂದರು.

ಹೊರಡುವ ಹೊತ್ತಿಗೆ ಸಖೂಬಾಯಿ ಮಾದಲಿಯನ್ನು ಹಳೆಯ ವರ್ತಮಾನ ಪತ್ರಿಕೆಯಲ್ಲಿ ಪೊಟ್ಟಣ ಕಟ್ಟಿ ತಂದಳು. ದಾವಲಸಾಬನ ಮುಖ ಸಣ್ಣದಾಯಿತು.

"ಡಬ್ಬಿ, ಅಕ್ಕಾರ?"

"ಡಬ್ಬಿ ಕೊಟ್ರ ನೀವು ತುಂಬಿಸ್ಕೊಂಡ ಬರತೀರಿ. ಇವರಿಗೆ ಇರೂವು ಇಪ್ಪತ್ತೆಂಟ ಹಲ್ಲು. ಇನ್ನ ಮ್ಯಾಲೆ ಕಾಗದದಾಗ ಕಟ್ಟಿ ಕೊಡತೇನಿ, ತಿಂದು ಒಗೀರಿ. ಶುಕ್ರವಾರಕ್ಕೊಮ್ಮೆ ಬರಬೇಕು, ಬರಿಗೈಲೆ ಬರಬೇಕು."

"ಈ ಸಲ ಒಂದಕ್ಕ ಮೂರು ಹಾಕ್ತೇನ್ರಿ, ಬೆಲ್ಲ ಕಡಿಮಿ..."

"ಬರಿಗೈಲೆ ಅಂದ್ನೆಲ್ಲೋ ಯಣ್ಣಾ!"

ಎರಡು ವರ್ಷದ ಕರಾರು ಮುಗಿಯುವವರೆಗೂ ಅವನು ಶುಕ್ರವಾರಕ್ಕೊಮ್ಮೆ ಆ ಮನೆಗೆ ಕೈಬೀಸಿಕೊಂಡು ಹೋದನು. ತಡವಾದರೆ ಮಲ್ಲಿಕಾರ್ಜುನನೇ ಖೋಲಿಗೆ ಬಂದು ಕರೆದೊಯ್ಯುತ್ತಿದ್ದನು. ಒಂದು ಹಬ್ಬದಂದು ಮಾತ್ರ, ಮನಸ್ಸು ತಡೆಯದೆ, ಅಂಗಡಿಯಿಂದ ಖರ್ಜೂರದ ಪೊಟ್ಟಣವೊಂದನ್ನು ಕೊಂಡೊಯ್ದಿದ್ದನು. ಸಖೂಬಾಯಿ ಪೊಟ್ಟಣ ಬಿಚ್ಚಿ, ಒಂದನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಆಮೇಲೆ ಒಳಗೆ ಒಯ್ದಳು.